ಗೆಜೆಟ್ಟಿನಿಂದ ಸಂಬಳದ ಚೀಟಿಗೆ

2025ರ ನವೆಂಬರ್ 21, ಶುಕ್ರವಾರ. ಪೀಣ್ಯ ಕೈಗಾರಿಕಾ ಪ್ರದೇಶದ ಒಳರಸ್ತೆಯೊಂದರ ಮಷಿನ್ ಶಾಪಿಗೆ ಸಂಜೆಯ ಚಹಾ ಬಂದಿತ್ತು. ಲೇತ್‌ಗಳು ಇನ್ನೂ ತಿರುಗುತ್ತಿದ್ದವು. ಗಾಜಿನ ಗೋಡೆಯ ಈಚೆ ಮಾಲೀಕರ ಮೊಬೈಲು ಮೇಜಿನ ಮೇಲೆ ಒಂದೇ ಸಮನೆ ಗುಂಯ್‌ಗುಡುತ್ತಿತ್ತು. ‘ಇವತ್ತಿನಿಂದಲೇ ನಾಲ್ಕು ಹೊಸ ಕಾರ್ಮಿಕ ಸಂಹಿತೆ ಜಾರಿ’, ‘ಕೈಗೆ ಬರುವ ಸಂಬಳಕ್ಕೆ ಕತ್ತರಿ’, ‘ಇನ್ನು ವಾರಕ್ಕೆ ನಾಲ್ಕೇ ದಿನ ಕೆಲಸ’. ಒಂದೊಂದು ಗ್ರೂಪಿನಲ್ಲಿ ಒಂದೊಂದು ಸುದ್ದಿ. ನಾನು ಹೋಗಿದ್ದು ಬೇರೆ ಕೆಲಸಕ್ಕೆ. ಆದರೆ ಅವರು ನನ್ನನ್ನು ಮರೆತು, ಲೆಕ್ಕ ನೋಡಿಕೊಳ್ಳುವ ಹೆಂಗಸಿನ ಕಡೆ ತಿರುಗಿ, ‘ಸೋಮವಾರದಿಂದ ನಾವೇನು ಮಾಡ್ಬೇಕು, ಅದನ್ನ ಹೇಳಿ’ ಎಂದರು.

ಆಕೆ ಬಾಯಿ ತೆರೆಯುವ ಬದಲು ಡ್ರಾಯರ್ ತೆರೆದರು. ರಟ್ಟಿನ ಹೊದಿಕೆಯ, ಮೂಲೆ ಸವೆದ ಒಂದು ಉದ್ದ ಪುಸ್ತಕ ಹೊರಬಂತು. ಒಳಗೆ ಸ್ಕೇಲಿಟ್ಟು ಗೀಟೆಳೆದ ನಾಲ್ಕು ಅಂಕಣ. ತಲೆಬರಹಗಳು ಬಾಲ್‌ಪೆನ್ನಿನಲ್ಲಿ: ‘ಏನು ಬದಲು’, ‘ಯಾವತ್ತಿಂದ’, ‘ನಮಗೆ ಬರತ್ತಾ’, ‘ಹೇಳಿದ್ದಾಯ್ತಾ’. ಮೊದಲ ಪುಟದ ಮೊದಲ ಸಾಲು 2014ರ ಸೆಪ್ಟೆಂಬರ್ 1ರದು: ಪಿಎಫ್ ವೇತನದ ಮಿತಿ 6,500ರಿಂದ 15,000. ಕೆಳಗೆ 2017ರ ಜನವರಿ 1: ಇಎಸ್‌ಐ ಮಿತಿ 15,000ದಿಂದ 21,000. ಅದೇ ವರ್ಷದ ಏಪ್ರಿಲ್: ಹೆರಿಗೆ ರಜೆ 12 ವಾರದಿಂದ 26 ವಾರ. 2019ರ ಜುಲೈ 1: ಇಎಸ್‌ಐ ವಂತಿಗೆಯಲ್ಲಿ ಮಾಲೀಕರ ಪಾಲು ಶೇ 4.75ರಿಂದ 3.25ಕ್ಕೆ, ಕಾರ್ಮಿಕರ ಪಾಲು ಶೇ 1.75ರಿಂದ 0.75ಕ್ಕೆ. ಹೀಗೆ ಹನ್ನೊಂದು ವರ್ಷದ ಬದಲಾವಣೆಯೆಲ್ಲ ಅಲ್ಲಿತ್ತು.

ಕಾರ್ಮಿಕ ಕಾನೂನಿನ ಬಗ್ಗೆ ದಪ್ಪ ಪುಸ್ತಕಗಳಿಗೆ ಕೊರತೆಯಿಲ್ಲ. ಆದರೆ ಹದಿನೆಂಟು ಜನರನ್ನಿಟ್ಟುಕೊಂಡು ಬಿಡಿಭಾಗ ತಯಾರಿಸುವ ಒಬ್ಬ ಮಾಲೀಕರಿಗೆ ಬೇಕಾದ ಪ್ರಶ್ನೆಗಳೆಲ್ಲ ಆ ನಾಲ್ಕು ತಲೆಬರಹದಲ್ಲೇ ಇವೆ ಎಂದು ಅವತ್ತು ನನಗನ್ನಿಸಿತು. ನಾಲ್ಕನೆಯದು ಅಲ್ಲಿಗೆ ಹೇಗೆ ಬಂತು ಎನ್ನುವುದು ಮಾತ್ರ ಆಮೇಲೆ ತಿಳಿಯಿತು.

ಏನು ಬದಲು

ನಮ್ಮ ಕಾರ್ಮಿಕ ಕಾನೂನುಗಳನ್ನು ಯಾರೂ ಒಂದೇ ಕಡೆ ಕೂತು ಬರೆದದ್ದಲ್ಲ. ಮನೆಗೆ ಅಗತ್ಯ ಬಿದ್ದಾಗಲೆಲ್ಲ ಒಂದೊಂದು ಕೋಣೆ ಕಟ್ಟಿಸಿದಂತೆ ಅವು ಬೆಳೆದವು. 1923ರಲ್ಲಿ ಅಪಘಾತ ಪರಿಹಾರ, 1926ರಲ್ಲಿ ಕಾರ್ಮಿಕ ಸಂಘಗಳ ಕಾಯ್ದೆ, 1936ರಲ್ಲಿ ವೇತನ ಪಾವತಿ, 1947ರಲ್ಲಿ ಕೈಗಾರಿಕಾ ವಿವಾದ, 1948ರಲ್ಲಿ ಕಾರ್ಖಾನೆ, ಕನಿಷ್ಠ ವೇತನ ಮತ್ತು ಇಎಸ್‌ಐ, 1952ರಲ್ಲಿ ಪಿಎಫ್, 1961ರಲ್ಲಿ ಹೆರಿಗೆ ಸೌಲಭ್ಯ, 1965ರಲ್ಲಿ ಬೋನಸ್, 1972ರಲ್ಲಿ ಗ್ರಾಚುಟಿ. ಪ್ರತಿ ಕೋಣೆಗೂ ಬೇರೆ ಬಾಗಿಲು, ಬೇರೆ ಬೀಗ. ‘ವೇತನ’ ಎಂಬ ಒಂದು ಪದಕ್ಕೆ ಪಿಎಫ್ ಕಾಯ್ದೆಯಲ್ಲಿ ಒಂದು ಅರ್ಥ, ಬೋನಸ್ ಕಾಯ್ದೆಯಲ್ಲಿ ಮತ್ತೊಂದು, ಗ್ರಾಚುಟಿಯಲ್ಲಿ ಇನ್ನೊಂದು. ಒಬ್ಬನೇ ನೌಕರನ ಒಂದೇ ತಿಂಗಳ ಸಂಬಳವನ್ನು ಲೆಕ್ಕದವರು ಮೂರು ಬಗೆಯಲ್ಲಿ ಅಳೆಯಬೇಕಿತ್ತು.

ರವೀಂದ್ರ ವರ್ಮಾ ಅಧ್ಯಕ್ಷತೆಯ ಎರಡನೇ ರಾಷ್ಟ್ರೀಯ ಕಾರ್ಮಿಕ ಆಯೋಗ 2002ರಲ್ಲೇ ಇವನ್ನೆಲ್ಲ ವಿಷಯವಾರು ಒಟ್ಟುಗೂಡಿಸಿ ಎಂದು ಶಿಫಾರಸು ಮಾಡಿತ್ತು. ಅದಕ್ಕೆ ರೂಪ ಬಂದದ್ದು 2019–20ರಲ್ಲಿ. ಕೇಂದ್ರದ 29 ಕಾಯ್ದೆಗಳು ನಾಲ್ಕು ಸಂಹಿತೆಗಳೊಳಗೆ ಸೇರಿದವು: ವೇತನ; ಕೈಗಾರಿಕಾ ಸಂಬಂಧ; ಸಾಮಾಜಿಕ ಭದ್ರತೆ; ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿ.

ಸಣ್ಣ ಮಾಲೀಕರೂ ಇವತ್ತೇ ತಿಳಿದಿರಬೇಕಾದವು ಕೆಲವಿವೆ. ಕೆಲಸಕ್ಕೆ ಸೇರಿದ ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು. ‘ನಾಳೆಯಿಂದ ಬಾ’ ಎಂಬ ಬಾಯಿಮಾತು ಸಾಲದು. ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈ ಸೇರಬೇಕು. ಕೆಲಸ ಬಿಟ್ಟವರ, ಬಿಡಿಸಿದವರ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಚುಕ್ತಾ ಮಾಡಬೇಕು. ‘ಫುಲ್ ಆಂಡ್ ಫೈನಲ್ ನಲವತ್ತೈದು ದಿನ ಆಗತ್ತೆ’ ಎನ್ನುವುದು ಎಷ್ಟೋ ಕಚೇರಿಗಳಲ್ಲಿ ವೇದವಾಕ್ಯವಾಗಿದ್ದ ಕಾಲ ಮುಗಿಯಿತು. ಓವರ್‌ಟೈಮಿಗೆ ದುಪ್ಪಟ್ಟು ದರ. ನಿಗದಿತ ಅವಧಿಗೆ ಸೇರಿದವರಿಗೆ ಗ್ರಾಚುಟಿ ಬರಲು ಐದು ವರ್ಷ ಕಾಯಬೇಕಿಲ್ಲ, ಒಂದು ವರ್ಷ ಸಾಕು. ಹೆಂಗಸರು ಸಂಜೆ 7ರ ನಂತರ, ಬೆಳಿಗ್ಗೆ 6ರ ಮೊದಲು ಕೆಲಸ ಮಾಡಬಹುದು. ಆದರೆ ಅವರ ಒಪ್ಪಿಗೆ ಇರಬೇಕು, ಸುರಕ್ಷತೆಯ ಹೊಣೆ ಮಾಲೀಕರ ಮೇಲಿರುತ್ತದೆ.

ವಾರಕ್ಕೆ ನಾಲ್ಕೇ ದಿನ ಕೆಲಸ? ವಾರದ ಮಿತಿ ಹಿಂದಿನಂತೆ 48 ಗಂಟೆಯೇ. ರಜೆ ಹೆಚ್ಚಾಗಬೇಕಾದರೆ ಉಳಿದ ದಿನಗಳ ಕೆಲಸ ಅಷ್ಟು ಉದ್ದವಾಗಬೇಕು. ವಾಟ್ಸ್ಆ್ಯಪಿನ ಸುದ್ದಿ ಈ ಎರಡನೇ ಭಾಗವನ್ನು ಬಸ್‌ಸ್ಟ್ಯಾಂಡಿನಲ್ಲೇ ಬಿಟ್ಟು ಬಂದಿತ್ತು.

ಯಾವತ್ತಿಂದ

ಆಕೆಯ ಪುಸ್ತಕದ ಒಂದು ಪುಟದಲ್ಲಿ ಪೆನ್ಸಿಲ್ಲಿನಲ್ಲಿ ಬರೆದು, ಅಳಿಸಿ, ಮತ್ತೆ ಬರೆದು, ಮತ್ತೆ ಅಳಿಸಿದ ಒಂದು ಸಾಲಿತ್ತು. ಕಾಗದ ತೆಳ್ಳಗಾಗಿ ಹಿಂದಿನ ಪುಟ ಕಾಣುತ್ತಿತ್ತು. ‘ಇದೇ ಸಂಹಿತೆ’ ಎಂದು ನಕ್ಕರು. ವೇತನ ಸಂಹಿತೆಗೆ ರಾಷ್ಟ್ರಪತಿಯವರ ಅಂಕಿತ ಬಿದ್ದದ್ದು 2019ರ ಆಗಸ್ಟ್ 8ರಂದು, ಉಳಿದ ಮೂರಕ್ಕೆ 2020ರ ಸೆಪ್ಟೆಂಬರ್ 28ರಂದು. ಅಲ್ಲಿಂದ ಮುಂದೆ ಯುಗಾದಿ ಹತ್ತಿರ ಬಂದಾಗಲೆಲ್ಲ ‘ಏಪ್ರಿಲ್ 1ರಿಂದ ಹೊಸ ಕಾನೂನು’ ಎಂಬ ಸುದ್ದಿ ಹಬ್ಬುತ್ತಿತ್ತು. ಏಪ್ರಿಲ್ ಬಂದು ಹೋಗುತ್ತಿತ್ತು. ಜಾರಿಯಾದದ್ದು ಐದು ವರ್ಷ ಕಳೆದ ಮೇಲೆ, ಹಣಕಾಸು ವರ್ಷದ ನಡುವೆ, ಒಂದು ಶುಕ್ರವಾರ.

ಕಾನೂನಿಗೆ ಹುಟ್ಟಿದ ದಿನ ಬೇರೆ, ನಡೆಯಲು ಕಲಿತ ದಿನ ಬೇರೆ. ಸಂಪುಟ ಒಪ್ಪಿದ್ದು ಮಸೂದೆಯಲ್ಲ, ಮಸೂದೆ ಕಾಯ್ದೆಯಲ್ಲ, ಕಾಯ್ದೆಯೂ ಜಾರಿಯ ಅಧಿಸೂಚನೆ ಗೆಜೆಟ್ಟಿನಲ್ಲಿ ಬರುವ ತನಕ ಯಾರನ್ನೂ ಕಟ್ಟಿಹಾಕುವುದಿಲ್ಲ. 2024ರ ಜುಲೈ ನೆನಪಿಸಿಕೊಳ್ಳಿ. ಖಾಸಗಿ ಉದ್ಯೋಗದಲ್ಲಿ ಸ್ಥಳೀಯರಿಗೆ ಮೀಸಲಾತಿ ನೀಡುವ ಮಸೂದೆಗೆ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟ ಸುದ್ದಿಗೇ ಕಂಪನಿಗಳಲ್ಲಿ ತುರ್ತು ಸಭೆಗಳು ನಡೆದವು. ಎರಡೇ ದಿನದಲ್ಲಿ ಸರ್ಕಾರ ಅದನ್ನು ತಡೆಹಿಡಿಯಿತು.

ಇದಕ್ಕಿಂತ ವೇಗದ ಉದಾಹರಣೆಯೂ ಇದೆ. ಮಹಿಳಾ ನೌಕರರಿಗೆ ತಿಂಗಳಿಗೊಂದರಂತೆ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ನೀಡಬೇಕೆಂದು ರಾಜ್ಯ ಸರ್ಕಾರ 2025ರ ನವೆಂಬರ್‌ನಲ್ಲಿ ಆದೇಶ ಹೊರಡಿಸಿತು. ಅದನ್ನು ಪ್ರಶ್ನಿಸಿ ಮಾಲೀಕರ ಕಡೆಯವರು ಹೈಕೋರ್ಟಿಗೆ ಹೋದರು. ಡಿಸೆಂಬರ್ 9ರಂದು ಮಧ್ಯಂತರ ತಡೆ ಸಿಕ್ಕಿತು. ಸರ್ಕಾರದ ವಾದದ ನಂತರ ಅದೇ ದಿನ ಆ ತಡೆಯನ್ನು ಹಿಂಪಡೆಯಲಾಯಿತು. ಬೆಳಗಿನ ಸುದ್ದಿ ಓದಿ ನೋಟಿಸ್ ಬೋರ್ಡಿನಿಂದ ಆದೇಶ ಕಿತ್ತವರು ಸಂಜೆ ಮತ್ತೆ ಅಂಟಿಸಬೇಕಾಯಿತು.

ಎರಡನೇ ಅಂಕಣದಲ್ಲಿ ತಾರೀಖನ್ನು ಪೆನ್ನಿನಿಂದ ಬರೆಯಲು ಆಕೆಗೊಂದು ನೇಮವಿದೆ: ಅಧಿಸೂಚನೆಯ ಪ್ರತಿ ಕಣ್ಣಿಗೆ ಬೀಳಬೇಕು. ಕೇಂದ್ರದ ಗೆಜೆಟ್ಟೂ ಕರ್ನಾಟಕ ರಾಜ್ಯಪತ್ರವೂ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತವೆ, ಅದಕ್ಕೆ ವಕೀಲರಾಗಬೇಕಿಲ್ಲ. ಪ್ರತಿ ಸಿಗುವ ತನಕ ಪೆನ್ಸಿಲ್.

ಸಂಹಿತೆ ಜಾರಿಯಾದ ಮೇಲೂ ಕಥೆ ಮುಗಿಯುವುದಿಲ್ಲ, ಏಕೆಂದರೆ ಕಾರ್ಮಿಕ ವಿಷಯ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿದೆ. ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು. ಸಂಹಿತೆ ‘ಏನು’ ಎಂದು ಹೇಳುತ್ತದೆ. ಯಾವ ನಮೂನೆ, ಯಾವ ರಿಜಿಸ್ಟರ್, ಎಷ್ಟು ದಿನದೊಳಗೆ ಎಂಬುದೆಲ್ಲ ನಿಯಮಗಳಲ್ಲಿ ಬರುತ್ತದೆ. ಕೇಂದ್ರ ತನ್ನ ಕರಡು ನಿಯಮಗಳನ್ನು 2025ರ ಡಿಸೆಂಬರ್ 30ರಂದು ಹೊಸದಾಗಿ ಪ್ರಕಟಿಸಿತು. ನಡುವಿನ ಅವಧಿಯಲ್ಲಿ ಹಳೆಯ ನಿಯಮಗಳು ಹೊಸ ಸಂಹಿತೆಗೆ ವಿರುದ್ಧವಾಗದಷ್ಟರ ಮಟ್ಟಿಗೆ ಮುಂದುವರಿಯುತ್ತವೆ. ಹೊಸ ಮನೆಗೆ ಹಾಲುಕ್ಕಿಸಿಯಾಗಿದೆ, ಪಾತ್ರೆಪಡಗ ಇನ್ನೂ ಹಳೇ ಮನೆಯಲ್ಲಿದೆ. ಹಳೆಯ ರಿಜಿಸ್ಟರನ್ನು ಅವಸರದಿಂದ ಕಬಾಡಿಗೆ ಹಾಕಿದವರು ಪೇಚಿಗೆ ಸಿಕ್ಕುವುದು ಇಲ್ಲೇ.

ಕರಡು ಎಂಬ ಪದವನ್ನು ಮಾಲೀಕರು ಇನ್ನೊಂದು ಕಾರಣಕ್ಕೂ ಗಮನಿಸಬೇಕು. ಆಕ್ಷೇಪಣೆ, ಸಲಹೆ ಕೇಳುವುದು ಆಗಲೇ. ನಿಯಮ ಅಂತಿಮವಾದ ಮೇಲೆ ‘ಸಣ್ಣ ಕೈಗಾರಿಕೆಗೆ ಇದು ಹೇಗೆ ಸಾಧ್ಯ’ ಎಂದು ಕೊರಗುವವರಲ್ಲಿ ಕರಡು ಓದಿ ಒಂದು ಪತ್ರ ಬರೆದವರು ಕಡಿಮೆ.

ನಮಗೆ ಬರತ್ತಾ

ಮೂರನೇ ಅಂಕಣ ಎಲ್ಲಕ್ಕಿಂತ ಕಠಿಣ, ಏಕೆಂದರೆ ಅಲ್ಲಿ ತಲೆ ಎಣಿಸಬೇಕು. ಕಾರ್ಮಿಕ ಕಾನೂನು ಮಹಡಿಯ ಮೆಟ್ಟಿಲಿನಂತೆ. ಜನ ಹೆಚ್ಚಿದಂತೆ ಒಂದೊಂದು ಮೆಟ್ಟಿಲಿನ ಮೇಲೆ ಹೊಸ ಹೊಣೆಗಳು ಕಾದಿರುತ್ತವೆ.

ಹತ್ತು ಜನ ಆಗುತ್ತಿದ್ದಂತೆ ಇಎಸ್‌ಐ ಬರುತ್ತದೆ, ಗ್ರಾಚುಟಿ ಬರುತ್ತದೆ. ಲೈಂಗಿಕ ಕಿರುಕುಳ ತಡೆಗೆ 2013ರ ಕಾಯ್ದೆಯಡಿ ಆಂತರಿಕ ಸಮಿತಿ ರಚಿಸಬೇಕಾಗುತ್ತದೆ. ಇಪ್ಪತ್ತಕ್ಕೆ ಪಿಎಫ್, ಕನಿಷ್ಠ ಶೇ 8.33ರ ಬೋನಸ್, ಕುಂದುಕೊರತೆ ಪರಿಹಾರ ಸಮಿತಿ. ವಿದ್ಯುತ್ ಬಳಸುವ ಘಟಕ ‘ಕಾರ್ಖಾನೆ’ ಎನಿಸಿಕೊಳ್ಳುವುದೂ ಈಗ ಇಪ್ಪತ್ತಕ್ಕೇ; 1948ರ ಕೇಂದ್ರ ಕಾಯ್ದೆಯಲ್ಲಿ ಅದು ಹತ್ತಿತ್ತು. ಐವತ್ತಕ್ಕೆ ಶಿಶುಪಾಲನಾ ಕೇಂದ್ರ ಮತ್ತು ಗುತ್ತಿಗೆ ಕಾರ್ಮಿಕರ ಕುರಿತ ಕಟ್ಟಳೆಗಳು. ಮುನ್ನೂರಕ್ಕೆ ಸ್ಥಾಯಿ ಆದೇಶಗಳು. ಕಾರ್ಖಾನೆ ಮುಚ್ಚಲು, ಜನರನ್ನು ಕಡಿತ ಮಾಡಲು ಸರ್ಕಾರದ ಪೂರ್ವಾನುಮತಿ ಬೇಕಾಗುವುದೂ ಆಗಲೇ. ಈ ಪೂರ್ವಾನುಮತಿಯ ಅಂಕಿ ಕೇಂದ್ರದ ಹಳೆಯ ಕಾಯ್ದೆಯಲ್ಲಿ 100 ಇತ್ತು. ಕಾರ್ಮಿಕ ಸಂಘಗಳು ಸಂಹಿತೆಗಳನ್ನು ವಿರೋಧಿಸುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ಮಾಲೀಕರಿಗೆ ಅನುಕೂಲವಾದ ಮೆಟ್ಟಿಲು ಕಾರ್ಮಿಕರಿಗೆ ರಕ್ಷಣೆ ತಪ್ಪಿದ ಮೆಟ್ಟಿಲು ಎಂಬುದನ್ನು ಮರೆಯುವಂತಿಲ್ಲ.

ನಮ್ಮ ಪೀಣ್ಯದ ಮಾಲೀಕರ ಬಳಿ ಹದಿನೆಂಟು ಜನ. ಹೊಸ ಆರ್ಡರಿಗೆ ಇನ್ನಿಬ್ಬರು ಬೇಕು. ಆ ಇಬ್ಬರ ಬೆಲೆ ಬರೀ ಎರಡು ಸಂಬಳವಲ್ಲ. ಇಪ್ಪತ್ತನೆಯವನು ಒಳಗೆ ಕಾಲಿಟ್ಟ ದಿನ ಉಳಿದ ಹತ್ತೊಂಬತ್ತು ಮಂದಿಯ ಲೆಕ್ಕವೂ ಬದಲಾಗುತ್ತದೆ. ‘ಅದಕ್ಕೇ ಎಲ್ರೂ ಹತ್ತೊಂಬತ್ತಕ್ಕೆ ನಿಲ್ಸೋದು’ ಎಂದು ಅವರು ಕಣ್ಣು ಮಿಟುಕಿಸಿದರು. ಹಾಜರಿ ಪುಸ್ತಕದಲ್ಲಿ ಹತ್ತೊಂಬತ್ತು, ಒಳಗೆ ಇಪ್ಪತ್ತಮೂರು. ಈ ಜಾಣತನ ಪೀಣ್ಯಕ್ಕಷ್ಟೇ ಸೀಮಿತವಲ್ಲ. ಯಾರಾದರೊಬ್ಬನ ಕೈ ಯಂತ್ರಕ್ಕೆ ಸಿಕ್ಕಿ, ಅವನ ಹೆಸರು ಯಾವ ಪುಸ್ತಕದಲ್ಲೂ ಇಲ್ಲ ಎಂದಾಗ ಅದು ಎಷ್ಟು ದುಬಾರಿ ಎಂದು ತಿಳಿಯುತ್ತದೆ. ಇಎಸ್‌ಐ ಇದ್ದಿದ್ದರೆ ಆಸ್ಪತ್ರೆ, ಪರಿಹಾರವೆಲ್ಲ ವಿಮೆಯ ಪಾಲು. ಇಲ್ಲದಿದ್ದರೆ ಮಾಲೀಕರ ಪಾಲು, ಮೇಲೊಂದು ಮೊಕದ್ದಮೆ.

ಇನ್ನೊಂದು ತಪ್ಪು ತಿಳಿವಳಿಕೆ: ‘29 ಹೋಗಿ 4 ಬಂತು, ಇನ್ನು ನಾಲ್ಕೇ ಕಾನೂನು.’ ಹೋದದ್ದು ಕೇಂದ್ರದ 29 ಮಾತ್ರ. ಕರ್ನಾಟಕದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಅಲ್ಲೇ ಇದೆ. ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ 1963ರ ಕಾಯ್ದೆಯೂ ಇದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2ರ ಜೊತೆಗೆ ನವೆಂಬರ್ 1ರ ರಾಜ್ಯೋತ್ಸವಕ್ಕೂ ವೇತನಸಹಿತ ರಜೆ ಸಿಗುವುದು ಅದರಿಂದಲೇ. ಇನ್ನು ಆ್ಯಪ್ ಮೂಲಕ ಊಟ, ಸವಾರಿ ಒದಗಿಸುವ ಕಂಪನಿಗಳಿಗೆ ಎರಡೂ ಕಡೆಯ ಕಾನೂನು ಕಾದಿದೆ. ಸಾಮಾಜಿಕ ಭದ್ರತಾ ಸಂಹಿತೆ ವಾರ್ಷಿಕ ವಹಿವಾಟಿನ ಶೇ 1ರಿಂದ 2ರಷ್ಟು ವಂತಿಗೆ ಕೇಳುತ್ತದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಕೆಲಸಗಾರರಿಗೆ ಸಲ್ಲುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರ ತನಕ ಕಲ್ಯಾಣ ಶುಲ್ಕಕ್ಕೆ ಅವಕಾಶ ಕೊಡುತ್ತದೆ.

ಒಂದು ಚೀಟಿ ಬಿಡಿಸಿ ನೋಡೋಣ

ಇಷ್ಟೆಲ್ಲ ಕಾನೂನು ಕೊನೆಗೆ ಬಂದು ನಿಲ್ಲುವುದು ಅಂಗೈ ಅಗಲದ ಒಂದು ಕಾಗದದ ಮೇಲೆ: ಸಂಬಳದ ಚೀಟಿ. ಹೊಸ ವ್ಯಾಖ್ಯೆ ಅದನ್ನು ಹೇಗೆ ತಟ್ಟುತ್ತದೆ ಎಂದು ಒಂದು ಉದಾಹರಣೆಯಿಂದ ನೋಡಬಹುದು.

ಒಬ್ಬ ಸೂಪರ್‌ವೈಸರ್ ಇದ್ದಾನೆ ಎಂದುಕೊಳ್ಳಿ. ತಿಂಗಳಿಗೆ 50,000. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 20,000, ಮನೆ ಬಾಡಿಗೆ ಭತ್ಯೆ 20,000, ಪ್ರಯಾಣ ಭತ್ಯೆ 10,000. ಮೂಲ ವೇತನ ಕುಗ್ಗಿಸಿ ಭತ್ಯೆ ಹಿಗ್ಗಿಸುವುದು ನಮ್ಮಲ್ಲಿ ಹಳೆಯ ಕಸುಬು; ಪಿಎಫ್, ಗ್ರಾಚುಟಿಯ ಲೆಕ್ಕ ಮೂಲ ವೇತನದ ಮೇಲೆ ನಿಂತಿರುತ್ತಿದ್ದುದೇ ಅದಕ್ಕೆ ಕಾರಣ. ಹೊಸ ಸಂಹಿತೆ ಹೇಳುವುದು ಇಷ್ಟು: ವೇತನದಿಂದ ಹೊರಗಿಡುವ ಬಾಬ್ತುಗಳೆಲ್ಲ ಸೇರಿ ಒಟ್ಟು ಸಂಭಾವನೆಯ ಅರ್ಧ ದಾಟಿದರೆ, ದಾಟಿದಷ್ಟನ್ನು ಮತ್ತೆ ವೇತನಕ್ಕೆ ಸೇರಿಸಿ. ಇಲ್ಲಿ ಹೊರಗಿಟ್ಟದ್ದು 30,000. ಅರ್ಧ ಎಂದರೆ 25,000. ಮಿಕ್ಕ 5,000 ವಾಪಸ್ ಬಂದು ‘ವೇತನ’ 25,000 ಆಗುತ್ತದೆ.

ಹಾಗಾದರೆ ಕೈಗೆ ಬರುವ ಸಂಬಳ ಕಡಿಮೆಯಾಯಿತೇ? ಅವನ ಪಿಎಫ್ ಅನ್ನು 15,000ದ ಮಿತಿಗೆ ಕಟ್ಟುತ್ತಿದ್ದರೆ, ಹಿಂದೆಯೂ ಶೇ 12ರಂತೆ 1,800, ಈಗಲೂ 1,800. ಒಂದು ರೂಪಾಯಿ ವ್ಯತ್ಯಾಸವಿಲ್ಲ. ಪೂರ್ತಿ ಮೂಲ ವೇತನದ ಮೇಲೆ ಕಟ್ಟುತ್ತಿದ್ದವರ ಮಾತು ಬೇರೆ. ಆ ಶುಕ್ರವಾರ ಊರೆಲ್ಲ ಹೆದರಿದ ‘ಸಂಬಳಕ್ಕೆ ಕತ್ತರಿ’ ಎಷ್ಟೋ ಜನರ ಚೀಟಿಯನ್ನು ಮುಟ್ಟಲೇ ಇಲ್ಲ.

ಮುಟ್ಟಿದ್ದು ಗ್ರಾಚುಟಿಯನ್ನು. ಪ್ರತಿ ವರ್ಷದ ಸೇವೆಗೆ ಹದಿನೈದು ದಿನದ ವೇತನ, ತಿಂಗಳಿಗೆ 26 ದಿನ ಎಂದು ಲೆಕ್ಕ. 20,000ಕ್ಕೆ ಹತ್ತು ವರ್ಷದ ಗ್ರಾಚುಟಿ ಸುಮಾರು 1,15,385 ರೂಪಾಯಿ. 25,000ಕ್ಕೆ ಸುಮಾರು 1,44,231. ಒಬ್ಬನ ಮೇಲೆ 28,846 ರೂಪಾಯಿ ಹೆಚ್ಚು. ಇದು ಇವತ್ತಿನ ಚೀಟಿಯಲ್ಲಿ ಕಾಣುವುದಿಲ್ಲ, ಆದರೆ ಮಾಲೀಕರ ತಲೆಯ ಮೇಲೆ ಇವತ್ತಿನಿಂದಲೇ ಕೂತಿರುತ್ತದೆ. ದೊಡ್ಡ ಕಂಪನಿಗಳು ಇದನ್ನು ಬೇಗ ಗ್ರಹಿಸಿದವು: 2025ರ ಅಕ್ಟೋಬರ್–ಡಿಸೆಂಬರ್ ತ್ರೈಮಾಸಿಕದ ಲೆಕ್ಕದಲ್ಲಿ ಇನ್ಫೊಸಿಸ್ ಹೊಸ ಸಂಹಿತೆಗಳ ಬಾಬ್ತು 1,289 ಕೋಟಿ ರೂಪಾಯಿ ತೋರಿಸಿತು. ಅಲ್ಲಿ ಅದಕ್ಕೆಂದೇ ತಜ್ಞರಿದ್ದಾರೆ. ಹದಿನೆಂಟು ಜನರ ಶಾಪಿನಲ್ಲಿ ಇದು ಗೊತ್ತಾಗುವುದು ಹಳೆಯ ಮೇಸ್ತ್ರಿ ನಿವೃತ್ತನಾಗಿ ಹಾರ ಹಾಕಿಸಿಕೊಂಡ ಮರುದಿನ.

ಚೀಟಿಯಲ್ಲಿ ದೊಡ್ಡ ಕಾನೂನಿನ ಜೊತೆ ಚಿಲ್ಲರೆ ಬದಲಾವಣೆಗಳೂ ಬಂದು ಕೂರುತ್ತವೆ. ಸುದ್ದಿಯಾಗದ ಇವೇ ಹೆಚ್ಚು ಕಾಡುವುದು. 25,000 ಅಥವಾ ಹೆಚ್ಚು ಸಂಬಳದವರಿಗೆ ಕರ್ನಾಟಕದಲ್ಲಿ ವೃತ್ತಿ ತೆರಿಗೆ ತಿಂಗಳಿಗೆ 200. 2025ರ ಏಪ್ರಿಲ್‌ನಿಂದ ಫೆಬ್ರುವರಿ ಒಂದು ತಿಂಗಳು ಮಾತ್ರ 300, ಏಕೆಂದರೆ ವರ್ಷದ ಮೊತ್ತ 2,500ಕ್ಕೆ ಸರಿಹೊಂದಬೇಕು. ಸಾಫ್ಟ್‌ವೇರಿಗೆ ಇದನ್ನು ಹೇಳದಿದ್ದರೆ ಅದು ತನ್ನ ಪಾಡಿಗೆ 200 ಹಿಡಿದು ಸುಮ್ಮನಿರುತ್ತದೆ. ಐವತ್ತು ಜನರಿರುವ ಕಡೆ ಅನ್ವಯಿಸುವ ಕಾರ್ಮಿಕ ಕಲ್ಯಾಣ ನಿಧಿಯ ವಾರ್ಷಿಕ ವಂತಿಗೆ ಕಾರ್ಮಿಕರಿಗೆ 20ರಿಂದ 50ಕ್ಕೆ, ಮಾಲೀಕರಿಗೆ 40ರಿಂದ 100ಕ್ಕೆ ಏರಿದೆ. ಅದನ್ನು ಜನವರಿ 15ರೊಳಗೆ ಕಟ್ಟಬೇಕು. ಕನಿಷ್ಠ ವೇತನದ ತುಟ್ಟಿಭತ್ಯೆ ಬೆಲೆ ಸೂಚ್ಯಂಕವನ್ನು ಹಿಡಿದು ಏಪ್ರಿಲ್ 1ಕ್ಕೆ ಬದಲಾಗುತ್ತದೆ. ಮೊತ್ತ ಸಣ್ಣದು, ಮರೆತರೆ ಬರುವ ನೋಟಿಸು ದೊಡ್ಡದು.

ಯಾರನ್ನು ಕೇಳುವುದು

ಸಣ್ಣ ಉದ್ಯಮಗಳಲ್ಲಿ ಕಾನೂನು ಎಂದರೆ ‘ಪಿಎಫ್ ಕನ್ಸಲ್ಟೆಂಟ್’. ಪ್ರತಿ ತಿಂಗಳು 15ರೊಳಗೆ ಪಿಎಫ್, ಇಎಸ್‌ಐ ಕಟ್ಟಿಸಿ, ಚಲನ್ ಕಳಿಸಿ, ಫೀಸು ತೆಗೆದುಕೊಳ್ಳುವ ಆಸಾಮಿ. ಹಲವರು ಪ್ರಾಮಾಣಿಕರು, ಕೆಲಸ ಬಲ್ಲವರು. ಆದರೆ ಒಬ್ಬ ಕನ್ಸಲ್ಟೆಂಟ್ ನೂರಾರು ಗಿರಾಕಿಗಳನ್ನು ನೋಡುವಾಗ ನಿಮ್ಮಲ್ಲಿ ಇಪ್ಪತ್ತನೆಯವನು ಸೇರಿದ್ದು ಅವರಿಗೆ ಕನಸಿನಲ್ಲಿ ಬರುವುದಿಲ್ಲ. ನೀವೇ ಹೇಳಬೇಕು. ಹೇಳಲು ಯಾವುದು ಹೇಳಬೇಕಾದ ಸಂಗತಿ ಎಂದು ಗೊತ್ತಿರಬೇಕು. ಕೆಲಸವನ್ನು ಹೊರಗೆ ಕೊಡಬಹುದು, ಹೊಣೆಯನ್ನು ಕೊಡಲಾಗದು. ನೋಟಿಸ್ ಬರುವುದು ಮಾಲೀಕರ ಹೆಸರಿಗೇ.

ಕೇಳುವ ಜಾಗಗಳಿಗೇನೂ ಬರವಿಲ್ಲ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ವಾಣಿಜ್ಯ ಮಹಾಸಂಸ್ಥೆ ಎಫ್‌ಕೆಸಿಸಿಐ, ಪೀಣ್ಯ ಕೈಗಾರಿಕೆಗಳ ಸಂಘದಂಥವು ಇವೆ. ಪಿಎಫ್ ಸಂಸ್ಥೆ ತಿಂಗಳಿಗೊಮ್ಮೆ ಜಿಲ್ಲೆಗಳಲ್ಲಿ ‘ನಿಧಿ ಆಪ್ಕೆ ನಿಕಟ್’ ಶಿಬಿರ ನಡೆಸುತ್ತದೆ. ಅಲ್ಲಿ ಕಾರ್ಮಿಕರಷ್ಟೇ ಅಲ್ಲ, ಮಾಲೀಕರೂ ಪ್ರಶ್ನೆ ಕೇಳಬಹುದು. ಸಂಹಿತೆಗಳಲ್ಲಿ ಇನ್‌ಸ್ಪೆಕ್ಟರ್ ಎಂಬ ಹುದ್ದೆಯ ಹೆಸರೇ ‘ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್’ ಎಂದಾಗಿದೆ: ತಪಾಸಣೆಯ ಜೊತೆಗೆ ಸಲಹೆ ಕೊಡುವುದೂ ಕೆಲಸ. ವೇತನ ಸಂಹಿತೆಯಡಿ ಮೊದಲ ತಪ್ಪಿಗೆ ಮೊಕದ್ದಮೆ ಹೂಡುವ ಮುನ್ನ ಸರಿಪಡಿಸಿಕೊಳ್ಳಲು ಲಿಖಿತವಾಗಿ ಅವಕಾಶ ಕೊಡಬೇಕು. ಕೊಡಬೇಕಾದ್ದಕ್ಕಿಂತ ಕಡಿಮೆ ವೇತನ ಕೊಟ್ಟರೆ ದಂಡ 50,000 ರೂಪಾಯಿ ತನಕ. ಐದು ವರ್ಷದೊಳಗೆ ಅದೇ ತಪ್ಪು ಮತ್ತೆ ಮಾಡಿದರೆ ಆ ವಿನಾಯಿತಿ ಇಲ್ಲ, ಮೂರು ತಿಂಗಳವರೆಗೆ ಜೈಲು, ಒಂದು ಲಕ್ಷದ ತನಕ ದಂಡ ಅಥವಾ ಎರಡೂ. ಹೆಸರು ಬದಲಾದಷ್ಟು ಸುಲಭವಾಗಿ ಹಳೆಯ ಅಭ್ಯಾಸ ಬದಲಾಗುತ್ತದೆಯೇ ಎಂದು ಕೇಳಿದರೆ ಮಾಲೀಕರು ಚಹಾದ ಲೋಟ ನೋಡುತ್ತಾರೆ. ‘ಗೊತ್ತಿರಲಿಲ್ಲ ಸಾರ್’ ಎಂದು ಮೊದಲೇ ಹೋಗಿ ಕೇಳಿದವರನ್ನು ಸಲಹೆಗಾರನಂತೆ ಕೂರಿಸಿ ಮಾತಾಡಿಸುವ ಕಚೇರಿ ಇನ್ನೂ ಹುಟ್ಟಬೇಕಿದೆ.

ಬ್ರಿಟನ್ನಿನಲ್ಲಿ ಇದಕ್ಕೊಂದು ವ್ಯವಸ್ಥೆಯಿದೆ. ಅಲ್ಲಿ 1970ರ ದಶಕದಿಂದ ‘ಏಕಾಸ್’ ಎಂಬ ಸಾರ್ವಜನಿಕ ಸಂಸ್ಥೆ ಮಾಲೀಕರಿಗೂ ಕಾರ್ಮಿಕರಿಗೂ ಉಚಿತ ಸಲಹೆ ಕೊಡುತ್ತದೆ. ಇಬ್ಬರಿಗೂ ಒಂದೇ ದೂರವಾಣಿ, ಒಂದೇ ಉತ್ತರ. ಅಲ್ಲಿ ಉದ್ಯೋಗ ಕಾನೂನಿನ ಬದಲಾವಣೆಗಳನ್ನು ಸಾಧ್ಯವಾದಷ್ಟೂ ವರ್ಷದ ಎರಡು ದಿನಗಳಲ್ಲಿ, ಏಪ್ರಿಲ್ 6 ಮತ್ತು ಅಕ್ಟೋಬರ್ 1ರಂದು, ಜಾರಿಗೆ ತರುವ ಪದ್ಧತಿಯೂ ಬೆಳೆದಿದೆ. ಕ್ಯಾಲೆಂಡರಿನ ಎರಡು ದಿನಕ್ಕೆ ಗುರುತು ಹಾಕಿಕೊಂಡರೆ ಬಹುಪಾಲು ಮುಗಿಯಿತು. ನಮ್ಮಲ್ಲಿ ಕಾನೂನು ಯಾವ ಶುಕ್ರವಾರ ಬರುತ್ತದೋ ಹೇಳಬರುವುದಿಲ್ಲ. ದಿನ ನಿಗದಿ ಮಾಡಲು ಖರ್ಚೇನೂ ಇಲ್ಲ. ಕರ್ನಾಟಕ ತನ್ನ ಆದೇಶಗಳ ಮಟ್ಟಿಗಾದರೂ ಅದನ್ನು ಇವತ್ತೇ ಶುರು ಮಾಡಬಹುದು. ಆದೇಶದ ಜೊತೆ ಒಂದು ಪುಟ ಸರಳ ಕನ್ನಡದ ವಿವರಣೆಯನ್ನೂ ಕೊಡಬಹುದು.

ಹೇಳಿದ್ದಾಯ್ತಾ

ಎದ್ದು ಹೊರಡುವ ಮುನ್ನ ನಾಲ್ಕನೇ ಅಂಕಣದ ಬಗ್ಗೆ ಕೇಳಿದೆ. ‘ಮೊದಲು ಮೂರೇ ಇತ್ತು. ಇದನ್ನ 2016ರಲ್ಲಿ ಹಾಕಿದ್ದು’ ಎಂದರು. ಆಗ ಆಕೆ ಇದ್ದದ್ದು ಹೊಸೂರು ರಸ್ತೆಯ ಕಡೆಯ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ.

ಆ ವರ್ಷದ ಫೆಬ್ರುವರಿ 10ರಂದು ಕೇಂದ್ರ ಸರ್ಕಾರ ಪಿಎಫ್ ನಿಯಮ ತಿದ್ದಿತು. ಕೆಲಸ ಬಿಟ್ಟವರು ತಮ್ಮ ಪಾಲನ್ನು ಬಡ್ಡಿ ಸಮೇತ ಪಡೆಯಬಹುದು, ಆದರೆ ಮಾಲೀಕರ ಪಾಲಿಗೆ 58 ವರ್ಷ ತುಂಬುವ ತನಕ ಕಾಯಬೇಕು. ದಿಲ್ಲಿಯ ಕಡತದಲ್ಲಿ ಇದು ವೃದ್ಧಾಪ್ಯದ ಭದ್ರತೆ. ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಗಳಿಗೆ ಪಿಎಫ್ ಎಂದರೆ ಬೇರೆ: ಕೆಲವು ವರ್ಷ ದುಡಿದು, ಬಿಟ್ಟಾಗ ಬರುವ ಒಂದು ಗಂಟು. ಮಗಳ ಮದುವೆ, ಮಗನ ಕಾಲೇಜು, ಊರಿನ ಸಾಲ ಎಲ್ಲದಕ್ಕೂ ಅದೇ. ನಿಯಮ ಏನು, ಯಾವ ಪಾಲಿಗೆ, ಯಾವತ್ತಿನಿಂದ ಎಂದು ಲೈನಿನಲ್ಲಿ ನಿಂತು ಬಿಡಿಸಿ ಹೇಳಿದವರಿಲ್ಲ. ಎರಡು ತಿಂಗಳ ನಂತರ ಸುದ್ದಿ ತಾನಾಗಿ ತಲುಪುವಾಗ ಅದು ‘ನಮ್ಮ ಪಿಎಫ್ ದುಡ್ಡು ಇನ್ನು ಕೊಡಲ್ವಂತೆ’ ಎಂದಾಗಿತ್ತು. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಗಾರ್ಮೆಂಟ್ಸ್ ಕಾರ್ಮಿಕರು, ಬಹುಪಾಲು ಹೆಂಗಸರು, ಬೀದಿಗಿಳಿದರು. ಯಾವ ದೊಡ್ಡ ನಾಯಕರ ಕರೆಯೂ ಇರಲಿಲ್ಲ. ಹೊಸೂರು ರಸ್ತೆ ನಿಂತುಹೋಯಿತು. ಬಸ್ಸುಗಳು ಉರಿದವು, ಲಾಠಿ ಬೀಸಿತು. 19ರ ಸಂಜೆಗೆ ಕೇಂದ್ರ ಆ ನಿಯಮವನ್ನೇ ವಾಪಸ್ ಪಡೆಯಿತು.

ನಿಯಮವೇ ತಪ್ಪಿತ್ತು ಎಂದು ಆ ಹೆಂಗಸರು ಹೇಳುತ್ತಾರೆ, ಅವರ ಮಾತಿನಲ್ಲಿ ಬಲವಿದೆ. ಚೆನ್ನಾಗಿ ವಿವರಿಸಿದ್ದರೆ ಅವರು ಒಪ್ಪಿಬಿಡುತ್ತಿದ್ದರು ಎಂದೇನೂ ಅಲ್ಲ. ಆದರೆ ಫೆಬ್ರುವರಿಯಲ್ಲೇ ತಿಳಿದಿದ್ದರೆ ವಿರೋಧ ಫೆಬ್ರುವರಿಯಲ್ಲೇ, ಮೇಜಿನ ಎದುರು, ಮಾತಿನಲ್ಲಿ ಶುರುವಾಗುತ್ತಿತ್ತು. ‘ಸುತ್ತೋಲೆ ನನ್ನ ಫೈಲಲ್ಲೇ ಇತ್ತು. ಓದಿದ್ದೆ ಕೂಡ’ ಎಂದರು ಆಕೆ. ‘ಯಾರೂ ಕೇಳ್ಲಿಲ್ಲ, ನಾನೂ ಹೇಳ್ಲಿಲ್ಲ.’

ಮುಂದಿನ ತಿಂಗಳು ಅದೇ ಶಾಪಿಗೆ ಹೋದಾಗ ಸಂಬಳದ ದಿನ. ಆಕೆ ಗಾಜಿನ ಗೋಡೆ ದಾಟಿ ಲೇತ್‌ಗಳ ನಡುವೆ ಬಂದು, ಒಬ್ಬೊಬ್ಬರಿಗೂ ಚೀಟಿ ಕೊಟ್ಟು, ಬೆರಳಿಟ್ಟು ಏನೋ ತೋರಿಸುತ್ತಿದ್ದರು. ಒಬ್ಬ ಹುಡುಗ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಮೇಡಂ, ಹಂಗಾದ್ರೆ ನನ್ ಓಟಿ ಡಬಲ್ ಬರ್ಬೇಕಲ್ವಾ?’ ಎಂದು ಕೇಳಿದ. ಆಕೆ ಮಾಲೀಕರ ಕೋಣೆಯ ಕಡೆ ಒಮ್ಮೆ ನೋಡಿದರು. ಆಮೇಲೆ ‘ಬರ್ಬೇಕು’ ಎಂದು ಪುಸ್ತಕ ತೆರೆದು ಅವನ ಸಾಲಿನ ಮುಂದೆ ಪೆನ್ನಿನಲ್ಲೇ ಗುರುತು ಹಾಕಿದರು.